ಟಿವಿ ಇದ್ದ ಜಾಗದಲ್ಲಿ ಕಡಲು

ಟಿವಿ ತೆಗೆದು ಆ ಜಾಗದಲ್ಲಿ ಕಡಲನ್ನು ತಂದಿಡುತ್ತೇನೆ ಎಂದು ಗಂಡ ಅಂದರೆ ಯಾವ ಹೆಂಗಸು ತಾನೇ ಸುಮ್ಮನಿರುತ್ತಾಳೆ? ನಾನಂತೂ ಇರಲಿಲ್ಲ. ಸಂಜೆಯ ಸೀರಿಯಲ್ಲು ಬಿಟ್ಟರೆ ನನಗೆ ಬೇರೆ ಗತಿಯಿಲ್ಲ, ಅದಕ್ಕೂ ಕಲ್ಲು ಹಾಕುತ್ತೀರಾ ಎಂದು ಮೂರು ದಿನ ಜಗಳವಾಡಿದೆ. ನಾಲ್ಕನೆಯ ದಿನ ಟಿವಿ ಅಡುಗೆಮನೆಯ ಬೀರುವಿನ ಮೇಲೆ ಹೋಗಿ ಕೂತಿತು. ಕತ್ತೆತ್ತಿ ನೋಡಿ ನೋಡಿ ನನ್ನ ಕುತ್ತಿಗೆ ಹಿಡಿದುಕೊಂಡಿತು.

ಮೊದಲು ಆಸಾಮಿಯ ಪರಿಚಯ ಮಾಡಿಕೊಡಬೇಕು. ನಮ್ಮವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡು ಬರೆಯುತ್ತೇನೆ, ಮಾದೇಶ್. ಸೇಲಂ ಪಕ್ಕದ ಈ ಶಂಕಗಿರಿಯ ಲಾರಿಯವರಿಗೆಲ್ಲ ಮಾದೇಸಣ್ಣ. ನನಗೆ ಮಾವ, ಏಕೆಂದರೆ ನನ್ನ ಅಮ್ಮನ ಕೊನೆಯ ತಮ್ಮನಿಗೇ ನನ್ನನ್ನು ಕೊಟ್ಟಿದ್ದು. ಮೇಚೇರಿಯಲ್ಲಿ ಕುರಿದೊಡ್ಡಿಯ ಪಕ್ಕ ಬೆಳೆದವಳನ್ನು ತಂದು ಈ ಡೀಸೆಲ್ ವಾಸನೆಯ ಬೀದಿಯಲ್ಲಿ ಕೂರಿಸಿ ಇಪ್ಪತ್ತೆಂಟು ವರ್ಷವಾಯಿತು. ಅದರಲ್ಲಿ ಇಪ್ಪತ್ತಾರು ವರ್ಷ ಅವರು ರೋಡಿನ ಮೇಲೆ, ನಾನು ಮನೆಯಲ್ಲಿ. ಇಲ್ಲಿಂದ ಸಿಮೆಂಟು, ತೂತುಕುಡಿಯಿಂದ ಉಪ್ಪು. ಕಡಲಿನ ದಡದವರೆಗೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ, ಒಂದು ಸಲವೂ ಅದರಲ್ಲಿ ಕಾಲು ನೆನೆಸಿದವರಲ್ಲ. ಲೋಡು ತುಂಬಿತಾ, ತಾರ್ಪಾಲು ಕಟ್ಟಿದರಾ, ಹೊರಟರು.

ಎರಡು ವರ್ಷದ ಹಿಂದೆ ಧರ್ಮಪುರಿ ಕಡೆಯಿಂದ ಬರುತ್ತ ತೊಪ್ಪೂರು ಘಾಟಿ ಇಳಿದು, ಕೆಳಗಿನ ಟೀ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ, ಕೆಳಗಿಳಿದವರು ಅಲ್ಲೇ ಬಿದ್ದರು. ಕೈಕಾಲು ಸೆಟೆದು ಬಾಯಲ್ಲಿ ನೊರೆ. ಟೀ ಅಂಗಡಿಯವನು ಲಾರಿಯ ಕೀಲಿಯನ್ನೇ ಅವರ ಅಂಗೈಯಲ್ಲಿಟ್ಟು ಮುಷ್ಟಿ ಮಾಡಿ ಹಿಡಿದನಂತೆ, ಕಬ್ಬಿಣ ಹಿಡಿದರೆ ನಿಲ್ಲುತ್ತದೆ ಎಂದು. ಆ ಕೀಲಿಯ ಗುರುತು ನಾಲ್ಕು ದಿನ ಅಂಗೈಯಲ್ಲಿತ್ತು. ಆ ಫಿಟ್ಸ್ ಹತ್ತು ನಿಮಿಷ ಮೊದಲು ಬಂದಿದ್ದರೆ ಘಾಟಿಯ ನಡುವೆ ಏನಾಗುತ್ತಿತ್ತು ಎಂದು ನಾನು ಯೋಚಿಸಹೋಗುವುದಿಲ್ಲ, ಆದರೂ ಯೋಚನೆ ತಾನಾಗಿಯೇ ಬರುತ್ತದೆ. ಸೇಲಂನ ಆಸ್ಪತ್ರೆಯಲ್ಲಿ ಡಾಕ್ಟರು ತಲೆಗೆಲ್ಲ ವಯರು ಅಂಟಿಸಿ ನೋಡಿಸಿ, ಮಾತ್ರೆ ಬರೆದು, ಇನ್ನು ಸ್ಟಿಯರಿಂಗ್ ಮುಟ್ಟಬಾರದು ಎಂದರು.

ಊರಿಗೆ ಬಂದು ಇವರು ಹೇಳಿದ್ದು ಬೇರೆ. ಬೆನ್ನಿನ ಡಿಸ್ಕು ಸರಿದಿದೆ ಎಂದರು. ಡಿಸ್ಕು ಸರಿದ ಡ್ರೈವರಿಗೆ ಮರ್ಯಾದೆ ಇದೆ, ಫಿಟ್ಸ್ ಬರುವವನ ಕೈಗೆ ಸೈಕಲ್ಲೂ ಕೊಡುವುದಿಲ್ಲ ಎಂಬುದು ಅವರ ವಾದ. ಹೊಸೂರಿನಲ್ಲಿರುವ ಮಗಳಿಗೂ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. ಲೈಸೆನ್ಸು ಹಾಗೇ ಇತ್ತು. ಖಾಕಿ ಚೀಲವೂ ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು, ಒಳಗೆ ಒಂದು ಲುಂಗಿ, ಟವೆಲ್ಲು, ಸೋಪು. ಅದನ್ನು ಇಳಿಸಲು ಹೋದಾಗೆಲ್ಲ ಕೈ ತಡೆಯುತ್ತಿದ್ದರು. ಎರಡು ವರ್ಷ ನಾನು ಬೆಳಗ್ಗೆ ಎದ್ದ ತಕ್ಷಣ ಮೊದಲು ನೋಡುತ್ತಿದ್ದುದು ದೇವರ ಪಟವನ್ನಲ್ಲ, ಆ ಚೀಲವನ್ನು.

ಮನೆಯಲ್ಲಿ ಕೂತ ಲಾರಿ ಡ್ರೈವರನ್ನು ನೀವು ನೋಡಿದ್ದೀರಾ? ಕೂರುವುದೆಲ್ಲಿ ಬಂತು. ಬಾಗಿಲಿಗೆ ಹೋಗುವುದು, ಬೀದಿ ನೋಡುವುದು, ಒಳಗೆ ಬರುವುದು, ನೀರು ಕುಡಿಯುವುದು, ಮತ್ತೆ ಬಾಗಿಲಿಗೆ. ಹಾರ್ನು ಕೇಳಿದರೆ ಯಾವ ಬಂಡಿ, ಯಾರ ಬಂಡಿ, ಎಷ್ಟು ಟೈರಿನದು ಎಂದು ಒಳಗಿಂದಲೇ ಹೇಳುವುದು. ಊಟಕ್ಕೆ ಕೂತಾಗಲೂ ಬಲಗಾಲು ನೆಲವನ್ನು ಒತ್ತುತ್ತಿತ್ತು, ಎದುರಿಗೆ ಯಾರೋ ಅಡ್ಡ ಬಂದಂತೆ. ಸುಮ್ಮನೆ ಇರಿ ಮಾವ ಎಂದರೆ, ಸುಮ್ಮನೇ ಇದ್ದೀನಲ್ಲ ಎನ್ನುತ್ತಿದ್ದರು, ಕಾಲು ಒತ್ತುತ್ತಲೇ. ಅವರನ್ನು ನೋಡಿ ನೋಡಿ ನನಗೂ ಎಲ್ಲಿಯೂ ಕಾಲು ನಿಲ್ಲದಂತಾಯಿತು. ಒಗ್ಗರಣೆಗೆ ಇಟ್ಟು ಬಾಗಿಲಿಗೆ ಬಂದು ನೋಡುವಷ್ಟರಲ್ಲಿ ಸಾಸಿವೆ ಸೀದಿರುತ್ತಿತ್ತು.

ಟಿವಿ ಜಾಗದಲ್ಲಿ ಕಡಲುನೀರಿನ ತೊಟ್ಟಿಯಿಡುವ ಹುಚ್ಚು ಹಿಡಿಸಿದವನು ಅಶ್ವತ್ಥ್. ಆಸ್ಪತ್ರೆಯಲ್ಲಿ ತಲೆಗೆ ವಯರು ಅಂಟಿಸುವ ಹುಡುಗ. ಹುಡುಗನೆಂದರೆ ಮೂವತ್ತು ದಾಟಿದವನು, ಧರ್ಮಪುರಿಯ ಹತ್ತಿರದ ಹಳ್ಳಿಯವನು, ನಮ್ಮ ಮಾತಿನವನು. ತಮಿಳಿನಲ್ಲೇ ನಡೆಯುವ ಆಸ್ಪತ್ರೆಯಲ್ಲಿ ಒಬ್ಬ ಕನ್ನಡದಲ್ಲಿ ಅಕ್ಕಾ ಎಂದರೆ ಎಷ್ಟು ಧೈರ್ಯ ಬರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಅಲುಗಾಡದೆ ಮಲಗಬೇಕು ಎಂದರೆ ಇವರು ಅಲುಗುತ್ತಲೇ ಇದ್ದರು. ಅವನು ತನ್ನ ಫೋನಿನಲ್ಲಿ ಒಂದು ವಿಡಿಯೋ ಹಾಕಿ ಮುಖದ ಮುಂದೆ ಹಿಡಿದ. ನೀಲಿ ಬೆಳಕು, ಕಲ್ಲಿನ ಮೇಲೆ ಬಣ್ಣಬಣ್ಣದ ಏನೋ ಮೆಲ್ಲಗೆ ತೂಗಾಡುತ್ತಿತ್ತು. ಹೂವಾ ಎಂದು ಇವರು ಕೇಳಿದರು. ಅಲ್ಲಣ್ಣ, ಜೀವ ಇರೋ ಹವಳ, ಮನೆಯಲ್ಲೇ ಸಾಕಿದ್ದೀನಿ ಎಂದ. ಆ ಇಪ್ಪತ್ತು ನಿಮಿಷ ಇವರು ಕದಲಲಿಲ್ಲ.

ಅಷ್ಟಕ್ಕೆ ಮೂರಡಿಯ ಗಾಜಿನ ತೊಟ್ಟಿ ಬಂತು, ಮರಳು ಬಂತು, ತೂತು ತೂತಿನ ಕಲ್ಲು ಬಂತು, ನೀಲಿ ದೀಪ ಬಂತು. ಬೀದಿಯವರು ಮಾದೇಸಣ್ಣನ ಮನೆಯಲ್ಲಿ ಬಾರ್ ತೆರೆದಿದ್ದಾರಾ ಎಂದು ಇಣುಕಿದರು. ಕರೆಂಟು ಹೋದರೆ ಪಂಪು ನಿಲ್ಲಬಾರದಲ್ಲ, ಅದಕ್ಕೆ ಎರಡು ಲಾರಿ ಬ್ಯಾಟರಿಗಳು ದೇವರ ಗೂಡಿನ ಕೆಳಗೆ ಬಂದು ಕೂತವು. ಉಪ್ಪು ಎಷ್ಟಿದೆಯೆಂದು ನೋಡಲು ಬ್ಯಾಟರಿಯ ಆ್ಯಸಿಡ್ ನೋಡುವ ಗಾಜಿನ ನಳಿಗೆಯನ್ನೇ ನೀರಿಗೆ ಇಳಿಸಿ, ಚಾರ್ಜ್ ಕಡಿಮೆ ಐತೆ ಎಂದು ಗಂಭೀರವಾಗಿ ಹೇಳಿದರು. ಅಶ್ವತ್ಥ್ ಹೊಟ್ಟೆ ಹಿಡಿದುಕೊಂಡು ನಕ್ಕು, ಬೇರೆ ಅಳತೆಯ ನಳಿಗೆ ತಂದುಕೊಟ್ಟ.

ನೀರು ಮಾತ್ರ ಅಂಗಡಿಯದಲ್ಲ, ಕಡಲಿನದೇ. ತಂದುಕೊಟ್ಟವನು ಪಾಪಣ್ಣ. ಹದಿನಾರನೆಯ ವಯಸ್ಸಿಗೆ ನಮ್ಮವರ ಲಾರಿಗೆ ಕ್ಲೀನರ್ ಆಗಿ ಹತ್ತಿದವನು, ಎಡಗಡೆ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ರೈಟ್ ರೈಟ್ ಎಂದು ಕೂಗುತ್ತ ಕೂಗುತ್ತ ಡ್ರೈವರಾದವನು. ಈಗ ಸ್ವಂತ ಬಂಡಿ. ತೂತುಕುಡಿಗೆ ಉಪ್ಪಿಗೆ ಹೋದಾಗೆಲ್ಲ ಊರಾಚೆಯ ಮರಳು ದಂಡೆಗೆ ಹೋಗಿ, ಮೊಣಕಾಲುದ್ದ ನೀರಿಗಿಳಿದು ನಾಲ್ಕು ನೀಲಿ ಕ್ಯಾನು ತುಂಬಿಕೊಂಡು ಬರುತ್ತಿದ್ದ. ಉಪ್ಪು ಮಾರೋ ಊರಿಂದ ಉಪ್ಪುನೀರು ಹೊತ್ತು ತರೋ ಮೊದಲನೇ ಕತ್ತೆ ನಾನೇ ಅತ್ಗೆ ಎಂದು ನನ್ನ ಮುಂದೆ ಗೊಣಗುತ್ತಿದ್ದ. ಅಣ್ಣನ ಮುಂದೆ ಗೊಣಗಿದವನಲ್ಲ.

ತೊಟ್ಟಿ ಹದಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅಶ್ವತ್ಥ್ ತನ್ನ ತೊಟ್ಟಿಯಿಂದ ಒಂದು ತುಂಡು ಕತ್ತರಿಸಿ ತಂದ. ನಮ್ಮ ಕಡಲಿನ ಹವಳ ಕೀಳುವುದು ಅಪರಾಧ, ಯಾರಾದರೂ ತಂದುಕೊಟ್ಟರೂ ತಗೋಬೇಡಿ, ಇದು ತೊಟ್ಟಿಯಿಂದ ತೊಟ್ಟಿಗೆ ಬಂದದ್ದು ಎಂದ. ಕೈಗವಸು ಇಲ್ಲದೆ ಮುಟ್ಟಬೇಡಿ, ಇದರಲ್ಲಿ ವಿಷವೂ ಇರುತ್ತದೆ ಎಂದೂ ಹೇಳಿದ. ಅದಕ್ಕೆ ಏನೋ ಇಂಗ್ಲಿಷ್ ಹೆಸರಿತ್ತು, ನಾನು ಗುಂಡಿ ಎಂದೆ, ಅದೇ ನಿಂತಿತು. ಅಂಗಿಯ ಗುಂಡಿಯಷ್ಟೇ ಅಗಲ, ನಡುವೆ ಹಸಿರು, ಸುತ್ತ ಕಿತ್ತಳೆ ಅಂಚು, ಅಂಚಿಗೆ ರೆಪ್ಪೆಗೂದಲಿನಂಥ ಎಳೆಗಳು. ಮೂರು ಗುಂಡಿ. ತಂದ ದಿನ ಮೂರೂ ಮುದುಡಿಕೊಂಡಿದ್ದವು. ಇದಕ್ಕಾ ನನ್ನ ಟಿವಿ ಬೀರು ಹತ್ತಿದ್ದು ಎಂದು ನಾನು ಕೇಳಿದೆ.

ಮೂರನೆಯ ದಿನ ಬೆಳಗ್ಗೆ ಒಂದು ತೆರೆಯಿತು. ಇವರು ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ನಾನು ದೋಸೆ ಹಾಕಿ ಕರೆದೆ, ಬರಲಿಲ್ಲ. ಹೊರಗೆ ಒಂದು ಹನ್ನೆರಡು ಚಕ್ರದ ಬಂಡಿ ಹಾರ್ನು ಹೊಡೆಯುತ್ತ ಹೋಯಿತು, ತಿರುಗಿ ನೋಡಲಿಲ್ಲ. ಬೈಯೋಣವೆಂದು ಸೌಟು ಹಿಡಿದೇ ಹೋದವಳು ಅವರ ಕಾಲು ನೋಡಿ ನಿಂತುಬಿಟ್ಟೆ. ಬಲಗಾಲು ಸುಮ್ಮನಿತ್ತು. ಅಂಗಾಲು ನೆಲದ ಮೇಲೆ ಮಲಗಿದಂತೆ ಇತ್ತು. ನನಗೆ ಅಳು ಬಂತು, ಒಳಗೆ ಹೋಗಿ ಸೀದ ದೋಸೆಯನ್ನು ನಾನೇ ತಿಂದೆ. ಆವತ್ತಿನಿಂದ ಆ ತೊಟ್ಟಿಯ ಮೇಲೆ ನಾನು ಒಂದು ಮಾತೂ ಆಡಿಲ್ಲ. ಆ ಗುಂಡಿಗಳು ತೆರೆದಿರುವಷ್ಟು ದಿನ ಇವರು ಮನೆಯಲ್ಲಿ ಇರುತ್ತಾರೆ ಎಂದು ನನ್ನ ಮನಸ್ಸಿಗೆ ಹೊಕ್ಕುಬಿಟ್ಟಿತು.

ಒಂದು ವರ್ಷದಲ್ಲಿ ಮೂರು ಹೋಗಿ ಹತ್ತೊಂಬತ್ತಾದವು. ಕಿತ್ತಳೆ ಪಟ್ಟೆಯ ಎರಡು ಮೀನು, ಉದ್ದ ಮೀಸೆಯ ಒಂದು ಸೀಗಡಿ, ಗಾಜು ನೆಕ್ಕುವ ಐದಾರು ಬಸವನಹುಳು ಸೇರಿದವು. ಹವಳ ಸಾಕುವವರಲ್ಲಿ ಒಂದು ಪದ್ಧತಿಯಿದೆಯಂತೆ, ಕೊಟ್ಟವನಿಗೆ ಬೆಳೆದದ್ದರಲ್ಲಿ ಒಂದು ತುಂಡು ಹಿಂದಕ್ಕೆ ಕೊಡಬೇಕು. ಇವರು ನಾಲ್ಕು ಗುಂಡಿಯ ತುಂಡು ಕತ್ತರಿಸಿ ಬಸ್ಸಿನಲ್ಲಿ ಧರ್ಮಪುರಿಗೆ ಹೋಗಿ ಅಶ್ವತ್ಥನಿಗೆ ಕೊಟ್ಟು ಬಂದರು. ಅವತ್ತು ಸಂಜೆಯವರೆಗೂ ನಾನು ಚೀಲ ಮೊಳೆಯಲ್ಲಿದೆಯಾ ಎಂದು ಹತ್ತು ಸಲ ನೋಡಿರಬೇಕು. ಇತ್ತು.

ಈ ವರ್ಷ ಏಪ್ರಿಲ್‌ನಲ್ಲಿ ಬಿಸಿಲು ಹೆಂಚು ಕಾಯಿಸಿತು. ತೊಟ್ಟಿಯ ನೀರು ಬೆಚ್ಚಗಾಗಿ ಗುಂಡಿಗಳೆಲ್ಲ ಮುದುಡಿಕೊಂಡವು. ಇವರು ಲಾರಿ ಕ್ಯಾಬಿನ್ನಿನ ಫ್ಯಾನೊಂದನ್ನು ತಂದು ತೊಟ್ಟಿಯ ಮೇಲೆ ಕಟ್ಟಿದರು, ಐಸಿನ ಬಾಟಲಿ ತೇಲಿಬಿಟ್ಟರು. ನಾಲ್ಕು ದಿನವಾದರೂ ತೆರೆಯಲಿಲ್ಲ. ಕಾಲು ಮತ್ತೆ ನೆಲ ಒತ್ತತೊಡಗಿತು. ಬಾಗಿಲು, ಬೀದಿ, ನೀರು, ಬಾಗಿಲು. ಐದನೆಯ ದಿನ ಯಾವುದೋ ಲಾರಿ ಮಾಲೀಕರ ಫೋನು ಬಂತು, ನಮ್ಮ ಡ್ರೈವರ್ ರಜೆ, ಬದಲಿಗೆ ಆಕ್ಟಿಂಗ್ ಡ್ರೈವರ್ ಬೇಕು, ಒಂದೇ ಟ್ರಿಪ್ಪು ಎಂದು. ಎರಡು ವರ್ಷದಿಂದ ಬೆನ್ನುನೋವು ಎನ್ನುತ್ತಿದ್ದವರು ಆವತ್ತು, ನೋಡಿ ಹೇಳುತ್ತೇನೆ ಎಂದರು. ಫೋನಿಟ್ಟು ಖಾಕಿ ಚೀಲ ಇಳಿಸಿ, ಒಳಗಿನ ಲುಂಗಿಯನ್ನು ಕೊಡವಿ ಮತ್ತೆ ಮಡಿಸಿಟ್ಟರು. ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು, ತಿರುಗಲಿಲ್ಲ.

ಮಾರನೆಯ ದಿನ ಮೇಚೇರಿಯಲ್ಲಿ ಸಂತೆ. ಅಮ್ಮನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ನನ್ನ ತವರಿನಲ್ಲಿ ಕುರಿಮರಿಗಳು ರೋಗಕ್ಕೆ ಒಂದೊಂದೇ ಬೀಳತೊಡಗಿದರೆ ದೊಡ್ಡಿಯ ಬಾಗಿಲಲ್ಲಿ ತಗಡು ಹೂಳುವ ರೂಢಿ. ಬೆರಳಗಲದ ತಾಮ್ರದ ತಗಡು, ಅದರ ಮೇಲೆ ಗೀಟುಗಳು, ನಡುವೆ ಒಂದು ಹೆಸರು. ಒಳಗಿರುವುದು ಒಳಗೇ ಇರಲಿ, ಹೊರಗಿರುವುದು ಹೊರಗೇ ಇರಲಿ ಎಂಬುದು ಅದರ ಅರ್ಥ. ಬರೆದುಕೊಡುವವನು ನಾರಪ್ಪ, ಸಂತೆಯಲ್ಲಿ ಕುರಿ ಕೊಡಿಸುವ ದಲ್ಲಾಳಿ, ಹುಣಸೆ ಮರದ ಕೆಳಗೆ ಕೂತು ಮೊಳೆಯಿಂದ ಕೊರೆದು ಕೊಡುತ್ತಾನೆ. ಎಷ್ಟು ತಲೆ ಬಿದ್ದವು ಎಂದು ಕೇಳಿದ. ಕುರಿಗಲ್ಲ, ಮನೆಯಲ್ಲಿ ಸಾಕಿರುವ ಒಂದು ಜೀವಕ್ಕೆ ಎಂದೆ. ಯಾವ ಜೀವವೋ ಏನೋ, ಯಾರು ಒಳಗಿರಬೇಕೋ ಅವರ ಹೆಸರು ಬಾಯಿಂದ ಹೇಳಬೇಕು, ಬರೆದುಕೊಟ್ಟರೆ ಆಗುವುದಿಲ್ಲ ಎಂದ.

ಹವಳದ ಹೆಸರು ಹೇಳಬೇಕೆಂದೇ ಬಾಯಿ ತೆರೆದೆ. ಗುಂಡಿ ಎನ್ನಲೇ, ಅಶ್ವತ್ಥ್ ಹೇಳಿದ ಇಂಗ್ಲಿಷ್ ಹೆಸರು ಹೇಳಲೇ? ಸುತ್ತ ಕುರಿಗಳು ಅರಚುತ್ತಿದ್ದವು. ಇಪ್ಪತ್ತೆಂಟು ವರ್ಷ ಬಾಯಿಂದ ಬಾರದ ಹೆಸರು ತಾನಾಗಿಯೇ ಬಂತು. ಮಾದೇಶ್ ಎಂದೆ. ನಾರಪ್ಪ ತಮಿಳು ಅಕ್ಷರದಲ್ಲಿ ಕೊರೆದು ಕೊಟ್ಟ. ಮನೆಗೆ ಬಂದಾಗ ಇವರು ಮಾತ್ರೆ ತರಲು ಹೋಗಿದ್ದರು. ಕೈಗವಸು ಹಾಕಿಕೊಂಡು, ಮೀನಿನ ಹತ್ತಿರ ಕ್ಷಮೆ ಕೇಳಿಕೊಂಡು, ಗುಂಡಿಗಳ ಕಲ್ಲಿನ ಬುಡದಲ್ಲಿ ಮರಳಿನೊಳಗೆ ತಗಡನ್ನು ತುರುಕಿ ಮುಚ್ಚಿದೆ.

ಮಾರನೆಯ ದಿನವೇ ಏಳು ಗುಂಡಿ ತೆರೆದವು. ಫ್ಯಾನಿನ ಗಾಳಿಗೆ ನೀರು ತಣ್ಣಗಾಗಿತ್ತು ಎಂದು ಈಗ ಗೊತ್ತು. ಆವತ್ತು ಮಾತ್ರ ನಾರಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದೆ. ಇವರು ಮಾಲೀಕರಿಗೆ ಫೋನು ಮಾಡಿ ಬೆನ್ನು ಮತ್ತೆ ಹಿಡಿದುಕೊಂಡಿದೆ ಎಂದರು. ನಾನು ಪಾಯಸ ಮಾಡಿದೆ, ಯಾಕೆ ಎಂದು ಕೇಳಿದರು, ಸುಮ್ಮನೆ ಎಂದೆ.

ಒಂದು ವಾರ ಕಳೆದಿರಬೇಕು. ಸೀಗಡಿ ಮಗುಚಿ ಬಿದ್ದಿತ್ತು. ಎರಡು ದಿನಕ್ಕೆ ಬಸವನಹುಳುಗಳು ಗಾಜಿನಿಂದ ಒಂದೊಂದೇ ಉದುರಿದವು. ತೆರೆದ ಗುಂಡಿಗಳು ಮುದುಡಿದವು, ಮುದುಡಿದವು ಕರಗತೊಡಗಿದವು, ಕಿತ್ತಳೆ ಅಂಚು ಬೂದಿಯ ಬಣ್ಣಕ್ಕೆ ತಿರುಗಿತು. ಇವರು ಅರ್ಧ ನೀರು ಬದಲಿಸಿದರು, ದೀಪ ಕಡಿಮೆ ಮಾಡಿದರು, ಪಂಪು ಬಿಚ್ಚಿ ತೊಳೆದರು. ಊಟ ಬೇಡ, ಮಾತ್ರೆ ನೆನಪಿಲ್ಲ. ಹೊತ್ತು ಹೊತ್ತಿಗೆ ನಾನೇ ಬಾಯಿಗೆ ಮಾತ್ರೆ ಹಾಕಬೇಕಾಯಿತು. ತಗಡಿಗೆ ಶಕ್ತಿ ಸಾಲದಾಯಿತೇ, ಇನ್ನೊಂದು ತರಲೇ ಎಂದು ನಾನು ಯೋಚಿಸುತ್ತಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ.

ಭಾನುವಾರ ಅಶ್ವತ್ಥ್ ಬಂದ. ಮೀನು ಚೆನ್ನಾಗಿವೆ, ಸೀಗಡಿ ಬಸವನಹುಳು ಮಾತ್ರ ಸತ್ತಿವೆ ಅಲ್ಲವಾ ಎಂದು ಕೇಳಿ, ಒಂದು ಸಣ್ಣ ಶೀಷೆಯಲ್ಲಿ ತೊಟ್ಟಿಯ ನೀರು ಹಿಡಿದು ಹನಿ ಹನಿಯಾಗಿ ಏನೋ ಬಿಟ್ಟ. ನೀರಿನ ಬಣ್ಣ ಬದಲಾಯಿತು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

“ತಾಮ್ರ ಅಣ್ಣಾ,” ಎಂದ ಅಶ್ವತ್ಥ್. “ಎಲ್ಲಿಂದಲೋ ತಾಮ್ರ ಸೇರೈತೆ. ಮೀನು ತಡಕೋತವೆ, ಹವಳ ತಡಕೊಳಲ್ಲ.”

ಲೋಟದ ಕಾಫಿ ನನ್ನ ಕಾಲ ಮೇಲೆ ಚೆಲ್ಲಿತು. ಸುಟ್ಟಿತೋ ಇಲ್ಲವೋ ನೆನಪಿಲ್ಲ. ಆಗಲೇ ಹೇಳಬೇಕಿತ್ತು. ಊರಿಗೆಲ್ಲ ಬೈಯುವ ನಾನು ಚೆಲ್ಲಿದ ಕಾಫಿ ಒರೆಸುತ್ತ ಕೂತೆ.

ಇವರು ವಯರುಗಳನ್ನೆಲ್ಲ ಪರೀಕ್ಷೆ ಮಾಡಿದರು, ಒಂದೂ ಸುಲಿದಿರಲಿಲ್ಲ. ಆಮೇಲೆ ಯೋಚನೆ ಕ್ಯಾನುಗಳ ಕಡೆ ತಿರುಗಿತು, ಕ್ಯಾನಿನಿಂದ ಪಾಪಣ್ಣನ ಕಡೆ. ಮರಳು ದಂಡೆಗೆ ಹೋಗಲು ಸೋಮಾರಿತನವಾಗಿ ದೋಣಿಗಳು ನಿಲ್ಲುವಲ್ಲಿ ತುಂಬಿರಬೇಕು, ದೋಣಿಗೆ ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದಂತೆ ಎಂದು ತಾವೇ ತೀರ್ಮಾನ ಮಾಡಿ ಫೋನು ಹಚ್ಚಿದರು. ಪಾಪಣ್ಣ ಇಲ್ಲವೆಂದ. ಇವರು ಬಿಡಲಿಲ್ಲ, ಕ್ಲೀನರ್ ಬುದ್ಧಿ ಓಗಲ್ಲ ನಿಂದು ಎಂದುಬಿಟ್ಟರು. ಫೋನಿನ ಆ ಕಡೆ ಅವನು ಬಂಡಿ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿದ. ಸ್ಪೀಕರಿನಲ್ಲಿತ್ತು, ನನಗೂ ಕೇಳಿತು.

“ಸರಿ ಅಣ್ಣಾ,” ಎಂದ ಪಾಪಣ್ಣ. “ಇನ್ಮೇಲೆ ನಿನ್ನ ಮನೆ ಬಾಗ್ಲಿಗೆ ಬರಲ್ಲ.”

ಮೂರು ದಿನ ನಾನು ಬದುಕಿದ್ದು ಬದುಕಲ್ಲ. ತಗಡು ತೆಗೆಯಬೇಕೆಂದರೆ ಇವರು ಸ್ಟೂಲು ಬಿಟ್ಟು ಏಳುತ್ತಿಲ್ಲ. ಹೇಳೋಣವೆಂದರೆ, ನೀನೇನಾ ಎಂದು ತಿರುಗಿ ನೋಡುವ ಆ ಮುಖ ಕಣ್ಣಿಗೆ ಬರುತ್ತಿತ್ತು. ಪಾಪಣ್ಣನ ಮೇಲೆ ಹೊರಿಸಿ ಹೇಗೋ ಮುಗಿದುಹೋಗಲಿ ಎಂದೂ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದು ನಿಜ, ಮುಚ್ಚಿಡುವುದಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಮೊಳೆ ಖಾಲಿ. ಇವರು ಖಾಕಿ ಅಂಗಿ ತೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು.

“ತೂತುಕುಡಿಗೆ ಉಪ್ಪಿನ ಲೋಡ್ ಐತೆ. ಆಕ್ಟಿಂಗ್ ಓಗ್ತೀನಿ,” ಎಂದರು. “ಇನ್ನ ಯಾರನ್ನೂ ನಂಬಕಾಗಲ್ಲ. ನೀರು ನಾನೇ ತತ್ತೀನಿ.”

ಒಳಗಿರಲಿ ಎಂದು ಹೂತಿಟ್ಟ ತಗಡೇ ಅವರನ್ನು ಹೊರಗೆ ಹಾಕುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಕೂಗಾಡಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ, ಕೈಗವಸನ್ನೂ ಹಾಕದೆ, ಬಳೆ ಸಮೇತ ಮೊಣಕೈವರೆಗೆ ಕೈ ಇಳಿಸಿದೆ. ಅವರು ಏಯ್ ಎಂದು ಓಡಿ ಬಂದರು. ಅಷ್ಟರಲ್ಲಿ ಬೆರಳಿಗೆ ತಗಡು ಸಿಕ್ಕಿತ್ತು. ಎತ್ತಿ ಅವರ ಅಂಗೈಯಲ್ಲಿಟ್ಟೆ. ಹಸಿರು ಕಿಲುಬು ಹಿಡಿದು ಜಾರುತ್ತಿತ್ತು. ಅವರು ಅಂಗಿಯ ತುದಿಯಿಂದ ಒರೆಸಿದರು. ದೊಡ್ಡಿಯ ತಗಡು ಎಂದರೇನೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ, ಅವರೂ ಅಂಥದೇ ಕುರಿದೊಡ್ಡಿಯ ಪಕ್ಕ ಬೆಳೆದವರು. ನಡುವಿನ ಹೆಸರನ್ನು ಮಾತ್ರ ತುಂಬ ಹೊತ್ತು ನೋಡಿದರು.

“ಇದು ನಂದಲ್ವಾ,” ಎಂದರು.

“ನಿಮ್ದೇ ಮಾವ.”

“ಬಾಯಿಂದ ಯೋಳಿದ್ಯಾ?”

“ಯೋಳ್ದೆ.”

ಸ್ಟೂಲಿನ ಮೇಲೆ ಕೂತರು. ಚೀಲ ಹೆಗಲಲ್ಲೇ ಇತ್ತು. ಬೈಯುತ್ತಾರೆ, ಹೊಡೆದರೂ ಹೊಡೆಸಿಕೊಳ್ಳೋಣ ಎಂದು ನಾನು ಕಾಯುತ್ತಿದ್ದೆ. ಅವರು ಕೇಳಿದ್ದು, ಓಗಬ್ಯಾಡ ಅಂತ ನಂಗೇ ಒಂದು ಮಾತು ಯೋಳಕ್ಕೆ ಏನಾಗಿತ್ತು ಎಂದು. ಹೇಳಿದ್ದರೆ ಇರುತ್ತಿದ್ದಿರಾ ಎಂದು ನಾನು ಕೇಳಿದೆ. ಊರಿಗೆ ಏನೇ ಹೇಳಲಿ, ನನಗೆ ಸುಳ್ಳು ಹೇಳುವ ಮನುಷ್ಯನಲ್ಲ. ಇಲ್ಲ ಎಂದರು. ಆಮೇಲೆ ನಾನು ಅತ್ತೆ, ಸೀಗಡಿಗೆ ಅತ್ತೆನೋ ಪಾಪಣ್ಣನಿಗೆ ಅತ್ತೆನೋ ನನಗೇ ಗೊತ್ತಿಲ್ಲ. ಅವರು ಎದ್ದು, ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಮೊಣಕೈವರೆಗೆ ಎರಡು ಸಲ ತೊಳೆದರು. ವಿಷ ಐತೆ ಅಂದ್ರೆ ಕೇಳಲ್ಲ ನೀನು ಎಂದು ಗೊಣಗುತ್ತಲೇ ತೊಳೆದರು.

ಆ ಹದಿನೈದು ಗುಂಡಿಗಳಲ್ಲಿ ಒಂದೂ ಉಳಿಯಲಿಲ್ಲ. ಮರಳು, ಕಲ್ಲು ಎಲ್ಲ ಎಸೆದು ಹೊಸದಾಗಿ ಶುರು ಮಾಡಬೇಕು ಎಂದು ಅಶ್ವತ್ಥ್ ಫೋನಿನಲ್ಲಿ ಹೇಳಿದ. ಆದರೆ ಇವರು ಹಿಂದಕ್ಕೆ ಕೊಟ್ಟ ತುಂಡು ಅವನ ತೊಟ್ಟಿಯಲ್ಲಿ ಬೆಳೆದು ಒಂಬತ್ತು ಗುಂಡಿಯಾಗಿತ್ತು. ತೊಟ್ಟಿ ಹದವಾದ ಮೇಲೆ ಬನ್ನಿ, ಇದು ನಿಮ್ಮದೇ ಎಂದ. ಪಾಪಣ್ಣನಿಗೂ ಫೋನು ಹೋಯಿತು. ಇವರು ತಪ್ಪಾಯಿತು ಎಂದದ್ದನ್ನು ನಾನು ನನ್ನ ಜನ್ಮದಲ್ಲಿ ಮೊದಲ ಸಲ ಕೇಳಿದೆ. ಪಾಪಣ್ಣ ತಗಡಿನ ಕತೆ ಕೇಳಿ, ಅತ್ಗೇನಾ ಮಾಡಿದ್ದು ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಆಮೇಲೆ ನಕ್ಕ. ಮುಂದಿನ ವಾರ ಮತ್ತೆ ನಾಲ್ಕು ಕ್ಯಾನು ಬಂದವು. ಖಾಕಿ ಚೀಲವೂ ಮತ್ತೆ ಮೊಳೆಗೆ ಬಂತು. ಬೆಳಗ್ಗೆ ಎದ್ದ ತಕ್ಷಣ ನಾನು ಮೊದಲು ನೋಡುತ್ತಿದ್ದುದು ಮತ್ತೆ ಅದನ್ನೇ.

ಎರಡು ತಿಂಗಳು ಬಿಟ್ಟು ಪಾಪಣ್ಣನಿಗೆ ಧರ್ಮಪುರಿಯಿಂದ ಸೇಲಂಗೆ ಒಂದು ಲೋಡು ಸಿಕ್ಕಿತು. ಬನ್ನಿ, ನಿಮ್ಮ ಗುಂಡಿಯನ್ನೂ ತಂದುಬಿಡೋಣ ಎಂದ. ಇವರನ್ನು ಒಬ್ಬರನ್ನೇ ಲಾರಿ ಹತ್ತಿಸುವ ಧೈರ್ಯ ನನಗಿರಲಿಲ್ಲ, ನಾನೂ ಹತ್ತಿದೆ. ಹೋಗುವಾಗ ಇವರು ಕ್ಲೀನರ್ ಸೀಟಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಅಶ್ವತ್ಥ್ ಮೂರು ಗುಂಡಿಯ ತುಂಡನ್ನು ನೀರು ತುಂಬಿದ ಡಬ್ಬಿಯಲ್ಲಿಟ್ಟು, ಅದನ್ನು ಥರ್ಮೋಕೋಲು ಪೆಟ್ಟಿಗೆಗೆ ಹಾಕಿ ಕೊಟ್ಟ. ಇವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರು.

ಹಿಂದಿರುಗುವಾಗ, ತೊಪ್ಪೂರು ಘಾಟಿ ಇಳಿಯುವ ಮೊದಲು ಪಾಪಣ್ಣ ಬಂಡಿ ಪಕ್ಕಕ್ಕೆ ಹಾಕಿ, ಟೈರು ತಟ್ಟಿ, ಬ್ರೇಕು ನೋಡಿ, ಮೂರು ಟೀ ತಂದ. ಕುಡಿಯುತ್ತ ಕುಡಿಯುತ್ತ ಇವರ ಮುಖ ನೋಡಿದ. ಅವನಿಗೆ ಬೆನ್ನುನೋವಿನ ಕತೆ ಬಿಟ್ಟು ಬೇರೇನೂ ಗೊತ್ತಿಲ್ಲವಲ್ಲ.

“ಅಣ್ಣಾ, ಈ ಇಳಿಜಾರು ನಿನ್ನಂಗೆ ಇಳಿಸೋನು ಶಂಕಗಿರೀಲಿ ಇನ್ನೊಬ್ಬ ಇಲ್ಲ,” ಎಂದು ಕೀಲಿ ಚಾಚಿದ. “ಕೆಳಗಿನ ತನಕ ನೀನೇ ಓಡ್ಸು. ಆಸೆ ಐತಲ್ಲ.”

ಇವರು ಕೀಲಿ ನೋಡಿದರು. ನಾನು ಇವರ ಕೈ ನೋಡಿದೆ. ಪೆಟ್ಟಿಗೆಯಿಂದ ಬಲಗೈ ಮೇಲೆದ್ದಿತು, ನಿಜವಾಗಿಯೂ ಎದ್ದಿತು, ಸುಳ್ಳು ಹೇಳುವುದಿಲ್ಲ. ಈ ಸಲ ಇವರನ್ನು ಹಿಡಿದಿಡಲು ನಾನು ಏನನ್ನೂ ಹೂಳುವುದಿಲ್ಲ, ಇವರೇ ತೀರ್ಮಾನಿಸಲಿ ಎಂದು ಸೆರಗು ಬಾಯಿಗೆ ಅದುಮಿಕೊಂಡೆ. ಆ ಕೈ ಅಂಗಿಯ ಜೇಬಿಗೆ ಹೋಗಿ ತಗಡನ್ನು ಮುಟ್ಟಿ ನೋಡಿತು. ಅಲ್ಲಿಟ್ಟುಕೊಂಡಿದ್ದಾರೆಂದು ನನಗೂ ಗೊತ್ತಿರಲಿಲ್ಲ.

“ನಂಗೆ ಫಿಟ್ಸ್ ಬತ್ತದೆ ಪಾಪಣ್ಣ,” ಎಂದರು. “ಎರಡು ವರ್ಸ ಮೇಲಾಯ್ತು. ಬೆನ್ನು ಗಿನ್ನು ಎಲ್ಲ ಸುಳ್ಳು. ನಾನು ಇನ್ನ ಬಂಡಿ ಮುಟ್ಟಂಗಿಲ್ಲ.”

ಪಾಪಣ್ಣ ನನ್ನ ಕಡೆ ತಿರುಗಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಲೋಟದ ತಳದ ಟೀಯನ್ನು ನೆಲಕ್ಕೆ ಚೆಲ್ಲಿ, ಹತ್ತಿ ಕೂತು ಬಂಡಿ ಎಬ್ಬಿಸಿದ. ಎರಡನೇ ಗೇರಿನಲ್ಲೇ ಇಳಿಸತೊಡಗಿದ. ಹಿಂದಿನಿಂದ ಬಂದವರೆಲ್ಲ ಹಾರ್ನು ಹೊಡೆದರು, ಅವನು ಗೇರು ಬದಲಿಸಲಿಲ್ಲ.

ಮೊದಲ ತಿರುವು ಬಂದಾಗ ಇವರು ಪೆಟ್ಟಿಗೆಯನ್ನು ನನ್ನ ಮಡಿಲಿಗೆ ವರ್ಗಾಯಿಸಿದರು. ಎಡಗಡೆ ಕಿಟಕಿಯಿಂದ ತಲೆ, ಆಮೇಲೆ ಭುಜ ಹೊರಹಾಕಿ, ಅಂಗೈಯಿಂದ ಬಾಗಿಲು ತಟ್ಟಿ, “ಓಗ್ಲಿ, ರೈಟ್, ರೈಟ್,” ಎಂದು ಕೂಗಿದರು. ಪಾಪಣ್ಣ ಕನ್ನಡಿ ನೋಡುವುದನ್ನು ಬಿಟ್ಟು ಆ ಕೂಗಿನ ಮೇಲೆಯೇ ಎಡಕ್ಕೆ ತಿರುಗಿಸಿದ, ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನು ಪೆಟ್ಟಿಗೆ ಅಲುಗದಂತೆ ಹಿಡಿದು ಕೆಳಗೆ ನೋಡಿದೆ. ಇವರ ಬಲಗಾಲು ಇಳಿಜಾರಿನುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. 'ಒತ್ತಿಕೊಳ್ಳಲಿ' ಎಂದು ಸುಮ್ಮನಿದ್ದೆ.